ಕೈಚೆಂಡಾಟವೂ ಹೆಣ್ಣುಮಕ್ಕಳೂ

ಆಟಗಳ ಚರಿತ್ರೆಯನ್ನು ಬರೆಯುವವರು ಗಂಡಸರ ಸಾಹಸವನ್ನು ಮೊದಲು ವಿಸ್ತರಿಸಿ, ಹೆಂಗಸರು ಆ ಆಟವನ್ನು ಎಂದು ಕಲಿತರೆಂಬುದನ್ನು ಕಡೆಯಲ್ಲಿ ಎರಡು ಮಾತಿನಿಂದ ಮುಗಿಸುವುದು ವಾಡಿಕೆ. ಹ್ಯಾಂಡ್‌ಬಾಲ್ ಎಂಬ ಕೈಚೆಂಡಾಟದ ವಿಷಯದಲ್ಲಿ ಈ ಕ್ರಮವು ಸಲ್ಲದು.

ಚೆಂಡನ್ನು ಕೈಯಿಂದೆಸೆದು ಎದುರುಪಕ್ಷದ ಗೋಲಿಗೆ ಹೊಗಿಸುವ ಆಟಗಳು ಯೂರೋಪಿನಲ್ಲಿ ಬಹುಕಾಲದಿಂದ ಇದ್ದುವು. ಡೆನ್ಮಾರ್ಕಿನ ಓರ್ಡ್ರುಪ್ ಎಂಬಲ್ಲಿ ಉಪಾಧ್ಯಾಯರಾಗಿದ್ದ ಹೋಲ್ಗರ್ ನೀಲ್ಸನ್ ಅವರು 1906ರಲ್ಲಿಯೇ ಅಂಥದೊಂದು ಆಟದ ನಿಯಮಗಳನ್ನು ಅಚ್ಚುಹಾಕಿಸಿದ್ದರು. ಆದರೆ ಜರ್ಮನಿಯಲ್ಲಿ ಈ ಆಟವು ಹುಟ್ಟಿದ ಬಗೆ ಬೇರೆ. ಮೊದಲನೆಯ ಮಹಾಯುದ್ಧವು ಇನ್ನೂ ನಡೆಯುತ್ತಿದ್ದಾಗ, 1917ನೆಯ ಅಕ್ಟೋಬರ್ 29ರಂದು, ಬರ್ಲಿನ್ ನಗರದಲ್ಲಿ ಮಾಕ್ಸ್ ಹೈಸರ್ ಎಂಬವರು ಹೆಂಗಸರಿಗೆಂದೇ ನಿಯಮಗಳನ್ನು ರಚಿಸಿ, ಅದಕ್ಕೆ ಹ್ಯಾಂಡ್‌ಬಾಲ್ ಎಂದು ಹೆಸರಿಟ್ಟರು. ಆಟಗಾರ್ತಿಯರು ಮೈಗೆ ಮೈ ತಾಗಿಸಿ ಸೆಣಸಕೂಡದೆಂಬುದು ಅದರ ಮುಖ್ಯವಾದ ಕಟ್ಟು.

ಎರಡೇ ವರ್ಷಗಳಲ್ಲಿ ಅದು ಕೈಬದಲಾಯಿತು. 1919ರಲ್ಲಿ ಕಾರ್ಲ್ ಶೆಲೆಂಟ್ಸ್ ಅವರು ನಿಯಮಗಳನ್ನು ತಿದ್ದಿ, ಸೆಣಸಾಟಕ್ಕೆ ಎಡೆಗೊಟ್ಟು, ಅದನ್ನು ಗಂಡಸರಿಗೂ ಒಪ್ಪುವಂತೆ ಮಾಡಿದರು. ಆಟಕ್ಕೆ ಇದರಿಂದ ಬಲ ಬಂದಿತೆಂಬುದು ನಿಜ. ಆದರೆ ಗೌರವದ ಪೀಠವು ಗಂಡಸರ ಪಾಲಾಯಿತು. 1936ರ ಬರ್ಲಿನ್ ಒಲಿಂಪಿಕ್ ಕೂಟದಲ್ಲಿ ಕೈಚೆಂಡಾಟಕ್ಕೆ ಸ್ಥಾನ ದೊರೆಯಿತು. ಆಡಿದವರು ಗಂಡಸರು ಮಾತ್ರ. ಯಾರಿಗಾಗಿ ಆಟವು ಏರ್ಪಟ್ಟಿತೋ ಆ ಹೆಂಗಸರು ಒಲಿಂಪಿಕ್ ಕಣವನ್ನು ಕಂಡುದು 1976ರಲ್ಲಿ, ಮಾಂಟ್ರಿಯಲ್ ನಗರದಲ್ಲಿ. ನಡುವೆ ಐವತ್ತೊಂಬತ್ತು ವರ್ಷಗಳು ಕಳೆದಿದ್ದುವು.

ಹದಿನೆಂಟರ ಒಳಗಿನ ಬಾಲಿಕೆಯರು ಇನ್ನೂ ಕಾಯಬೇಕಾಯಿತು. ವಯಸ್ಕರಾದ ಹೆಂಗಸರಿಗೆ ಒಳಾಂಗಣದ ವಿಶ್ವಕೂಟವು 1957ರಲ್ಲಿ ಯುಗೊಸ್ಲಾವಿಯದಲ್ಲಿ ಮೊದಲಾಯಿತು. ಬಾಲಿಕೆಯರ ರಾಷ್ಟ್ರತಂಡಗಳಿಗೆ ಅಂಥ ಕೂಟವು ಮೊದಲಾದುದು 2006ರಲ್ಲಿ, ಕೆನಡದಲ್ಲಿ. ಹುಡುಗಿಯರು ಆಟವನ್ನು ಬಿಟ್ಟು ಮನೆಯ ಹೊಣೆಗೋ ಓದಿಗೋ ಸರಿದುಹೋಗುವ ವಯಸ್ಸು ಅದೇ. ಆ ವಯಸ್ಸಿನಲ್ಲಿ ತನ್ನ ನಾಡಿನ ಹೆಸರನ್ನು ಎದೆಯ ಮೇಲೆ ಧರಿಸಿ ಪರದೇಶದಲ್ಲಿ ಆಡಬಹುದೆಂಬ ಆಸೆ ಎಷ್ಟು ಮಂದಿಯನ್ನು ಅಂಗಳದಲ್ಲಿ ನಿಲ್ಲಿಸೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮೊದಲ ಕೂಟವನ್ನು ಗೆದ್ದುದು ನೀಲ್ಸನ್ನರ ನಾಡಾದ ಡೆನ್ಮಾರ್ಕ್. ಅಲ್ಲಿಂದ ಮುಂದೆ ಪ್ರಶಸ್ತಿಯು ಯೂರೋಪನ್ನು ಬಿಟ್ಟು ಹೊರಗೆ ಹೋಗಲಿಲ್ಲ. 2022ರಲ್ಲಿ ಉತ್ತರ ಮ್ಯಾಸಿಡೋನಿಯದ ಸ್ಕೋಪ್ಯೆ ನಗರದಲ್ಲಿ ದಕ್ಷಿಣ ಕೊರಿಯದ ಬಾಲಿಕೆಯರು ಕಡೆಯ ಪಂದ್ಯದಲ್ಲಿ ಅದೇ ಡೆನ್ಮಾರ್ಕನ್ನು 31–28ರಿಂದ ಸೋಲಿಸಿದರು. ಅವರ ನಾಡಿನ ಹೆಂಗಸರು 1988 ಮತ್ತು 1992ರ ಒಲಿಂಪಿಕ್ ಕೂಟಗಳಲ್ಲಿ ಚಿನ್ನದ ಪದಕವನ್ನು ತಂದಿದ್ದರು. ಹಿರಿಯರು ಮೆಟ್ಟಿದ ದಾರಿ ಕಿರಿಯರಿಗೆ ಒದಗಿತು.

ಆಟವು ಹುಟ್ಟಿದ ಮನೆಗೆ ಮರಳಲು ಹೀಗೆ ಸುಮಾರು ಒಂದು ಶತಮಾನ ಹಿಡಿಯಿತು. ಮಿಕ್ಕ ಆಟಗಳಲ್ಲಿ ಹೆಣ್ಣುಮಕ್ಕಳು ಗಂಡಸರ ಅಂಗಳಕ್ಕೆ ಅತಿಥಿಗಳಾಗಿ ಬಂದರೆನ್ನಬಹುದು. ಇಲ್ಲಿ ಮಾತ್ರ ಅವರು ಬಂದುದು ತಮ್ಮ ಅಂಗಳಕ್ಕೇ.