ಲಾಗ್‌ರ‍್ಯಾಂಕ್ ಪರೀಕ್ಷೆಯ ದಕ್ಷತೆ

ಚಿಕಿತ್ಸಾ ಪ್ರಯೋಗದ ಎರಡು ಗುಂಪುಗಳವರು ಎಷ್ಟು ಕಾಲ ಬದುಕುಳಿದರು ಎಂದು ಹೋಲಿಸುವ ಸಂಖ್ಯಾಶಾಸ್ತ್ರೀಯ ವಿಧಾನವೇ ಲಾಗ್‌ರ‍್ಯಾಂಕ್ ಪರೀಕ್ಷೆ. ನಿಜವಾಗಿ ಇರುವ ವ್ಯತ್ಯಾಸವನ್ನು ಎಷ್ಟು ಕಡಿಮೆ ಸಾವುಗಳ ಲೆಕ್ಕದಿಂದ ಕಂಡುಹಿಡಿಯಬಲ್ಲದು ಎಂಬುದು ಅದರ ದಕ್ಷತೆ.

ವಿಧಾನ: ಪ್ರತಿ ಸಾವಿನ ಹೊತ್ತಿಗೂ ನಿಗಾದಲ್ಲಿ ಉಳಿದವರನ್ನು ಎಣಿಸಲಾಗುತ್ತದೆ. ಔಷಧ ಪಡೆದ 40, ಪಡೆಯದ 60 ಜನರಿರುವಾಗ ಒಂದು ಸಾವಾದರೆ, ಔಷಧ ನಿಷ್ಫಲವೆಂದುಕೊಂಡು ಮೊದಲ ಗುಂಪಿಗೆ 0.4, ಎರಡನೆಯದಕ್ಕೆ 0.6 ಪಾಲು ಹಾಕುತ್ತಾರೆ. ಹೀಗೆ ಕೂಡಿಬಂದ ನಿರೀಕ್ಷಿತ ಸಂಖ್ಯೆಗೂ ನಿಜವಾದ ಸಾವುಗಳಿಗೂ ಇರುವ ಅಂತರವೇ ತೀರ್ಪಿಗೆ ಆಧಾರ. ನಡುವೆ ಪ್ರಯೋಗ ಬಿಟ್ಟವರೂ ಬಿಡುವ ದಿನದವರೆಗೆ ಲೆಕ್ಕದಲ್ಲಿರುತ್ತಾರೆ.

ಬೆಳವಣಿಗೆ: ನೇಥನ್ ಮ್ಯಾಂಟೆಲ್ 1966ರಲ್ಲಿ ರೂಪಿಸಿದ ಈ ಪರೀಕ್ಷೆಯ ದಕ್ಷತೆಯನ್ನು ರಿಚರ್ಡ್ ಮತ್ತು ಜೂಲಿಯನ್ ಪೀಟೊ ಸೋದರರು 1972ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಬಂದ, ಸಾವಿನ ದರಗಳ ಅನುಪಾತವನ್ನು ಅಂದಾಜಿಸುವ ಡೇವಿಡ್ ಕಾಕ್ಸ್ ಮಾದರಿಯಲ್ಲಿ ಇದು ಸ್ಕೋರ್ ಪರೀಕ್ಷೆಯಾಗಿ, ಎಂದರೆ ವ್ಯತ್ಯಾಸವಿಲ್ಲವೆಂಬ ಊಹೆಯಿಂದಲೇ ಲೆಕ್ಕ ಹಾಕುವ ಪರೀಕ್ಷೆಯಾಗಿ, ಮೂಡಿಬರುತ್ತದೆ. ಸ್ಕೋರ್ ಪರೀಕ್ಷೆಯನ್ನು 1948ರಲ್ಲಿ ಕೊಟ್ಟವರು ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್.

ದಕ್ಷತೆಯ ಮಿತಿ: ಎರಡು ಗುಂಪುಗಳ ಸಾವಿನ ದರಗಳ ಅನುಪಾತ ಕೊನೆತನಕ ಒಂದೇ ಆಗಿದ್ದರೆ ಸಾವುಗಳ ಕ್ರಮವನ್ನಷ್ಟೇ ನೋಡುವ ಶ್ರೇಣಿ ಪರೀಕ್ಷೆಗಳಲ್ಲಿ ಇದಕ್ಕೆ ಮಿಗಿಲಾದುದಿಲ್ಲ. ನಡುವೆ ಬಿಟ್ಟವರಿಲ್ಲದ ದೊಡ್ಡ ಪ್ರಯೋಗದಲ್ಲಿ, ಆರಂಭದ ಸಾವುಗಳಿಗೆ ಹೆಚ್ಚು ತೂಕ ಕೊಡುವ ವಿಲ್ಕಾಕ್ಸನ್ ಪರೀಕ್ಷೆಯ ದಕ್ಷತೆ ಆಗ ಶೇ. 75 ಮಾತ್ರ, ಲಾಗ್‌ರ‍್ಯಾಂಕ್ 100 ಸಾವುಗಳಲ್ಲಿ ಹೇಳುವುದನ್ನು ಹೇಳಲು ವಿಲ್ಕಾಕ್ಸನ್‌ಗೆ ಸುಮಾರು 133 ಬೇಕು. ಔಷಧದ ಗುಣ ಮೊದಮೊದಲು ಕಂಡು ಬರಬರುತ್ತ ಕುಂದಿದರೆ ವಿಲ್ಕಾಕ್ಸನ್ನೇ ಮುಂದಾಗಬಹುದು. ಆದ್ದರಿಂದ ಪರೀಕ್ಷೆಯನ್ನು ಫಲಿತಾಂಶ ನೋಡುವ ಮೊದಲೇ ಗೊತ್ತುಮಾಡಬೇಕು.

ತಾರ್ನಾಕದ ನಿದರ್ಶನ: ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಹಳ್ಳಿಗಳ ಸುಮಾರು 15,000 ಮಕ್ಕಳಿಗೆ ಆರು ತಿಂಗಳಿಗೊಮ್ಮೆ ವಿಟಮಿನ್ ‘ಎ’ ಕೊಟ್ಟು ನಡೆಸಿದ ಪ್ರಯೋಗದ ವರದಿ 1990ರಲ್ಲಿ ಪ್ರಕಟವಾಯಿತು, ಸಾವಿನಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಅದೇ ವರ್ಷ ತಮಿಳುನಾಡಿನ ಪ್ರಯೋಗ, ವಾರಕ್ಕೊಮ್ಮೆ ಸಣ್ಣ ಪ್ರಮಾಣ ಕೊಟ್ಟು, ಅರ್ಧಕ್ಕೂ ಹೆಚ್ಚು ಇಳಿಕೆ ವರದಿ ಮಾಡಿತು. ಇಂಥ ಕಡೆ ಮಕ್ಕಳ ತಲೆಯೆಣಿಕೆ ಎಷ್ಟೇ ದೊಡ್ಡದಿದ್ದರೂ ಪ್ರಯೋಗದ ಬಲ (ಇರುವ ವ್ಯತ್ಯಾಸವನ್ನು ಕಂಡುಹಿಡಿಯುವ ಸಂಭವ) ನಿಲ್ಲುವುದು ಸಾವುಗಳ ಎಣಿಕೆಯ ಮೇಲೆ. ಲಾಗ್‌ರ‍್ಯಾಂಕ್ ಲೆಕ್ಕದಂತೆ, ಸಮ ಗಾತ್ರದ ಗುಂಪುಗಳಲ್ಲಿ ಶೇ. 80ರ ಬಲಕ್ಕೆ, ಸಾವಿನ ದರ ಅರ್ಧಕ್ಕಿಳಿಯುವುದನ್ನು ಕಾಣಲು 66 ಸಾವುಗಳು ಸಾಕು. ಕಾಲುಭಾಗ ಇಳಿಕೆ ಕಾಣಲು 380 ಬೇಕು. ಉತ್ತರ ಪ್ರದೇಶದ ಸುಮಾರು 10 ಲಕ್ಷ ಮಕ್ಕಳ ವಿಟಮಿನ್ ‘ಎ’ ಪ್ರಯೋಗದಲ್ಲಿ (2013) ಕಂಡ ಇಳಿಕೆ ಶೇ. 4 ಮಾತ್ರ, ಅದರ ಸಂಶೋಧಕರಲ್ಲಿ ರಿಚರ್ಡ್ ಪೀಟೊ ಕೂಡ ಒಬ್ಬರು.

ಈ ಎಣಿಕೆಯ ಒಂದೊಂದು ಅಂಕಿಯೂ ಒಂದು ಮನೆಯ ಮಗು. ಕಡಿಮೆ ಸಾವುಗಳಲ್ಲೇ ಸತ್ಯ ಹೇಳಬಲ್ಲ ಪರೀಕ್ಷೆಯನ್ನು ಆರಿಸುವುದು ಸಂಶೋಧಕರ ನೈತಿಕ ಹೊಣೆಯೂ ಹೌದು.