ಮನೆಗಳ ಮಿಶ್ರ ಒಣಕಸದ ಗಾಜಿನ ಶುದ್ಧೀಕರಣ

ಕಾಗದ, ಪ್ಲಾಸ್ಟಿಕ್, ತಗಡಿನ ಡಬ್ಬಿಗಳೊಡನೆ ಒಂದೇ ತೊಟ್ಟಿಗೆ ಬೀಳುವ ಗಾಜಿನ ಬಾಟಲಿ, ಜಾಡಿಗಳನ್ನು ಬೇರ್ಪಡಿಸಿ, ಶುಚಿಗೊಳಿಸಿ, ಕುಲುಮೆಯಲ್ಲಿ ಮತ್ತೆ ಕರಗಿಸಲು ತಕ್ಕ ಚೂರುಗಳನ್ನಾಗಿ ಮಾಡುವ ಕೈಗಾರಿಕಾ ಪ್ರಕ್ರಿಯೆಯಿದು. ಹೀಗೆ ಸಿದ್ಧವಾದ ಚೂರಿಗೆ ಗಾಜಿನ ಉದ್ಯಮದಲ್ಲಿ ಕಲೆಟ್ ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1990ರ ದಶಕದಿಂದ ಹರಡಿದ ಏಕತೊಟ್ಟಿ ಸಂಗ್ರಹಣ ಪದ್ಧತಿಯು ಮನೆಯವರಿಗೆ ಅನುಕೂಲವನ್ನೂ ನಗರಾಡಳಿತಗಳಿಗೆ ಸಾಗಣೆ ವೆಚ್ಚದ ಉಳಿತಾಯವನ್ನೂ ತಂದಿತಾದರೂ, ಅದರಿಂದ ಹೆಚ್ಚು ಕೆಟ್ಟ ವಸ್ತುಗಳಲ್ಲಿ ಗಾಜು ಮುಖ್ಯವಾದುದು.

ಕಸವನ್ನು ಒತ್ತಿ ತುಂಬುವ ಲಾರಿಯಲ್ಲಿಯೇ ಅನೇಕ ಬಾಟಲಿಗಳು ಒಡೆಯುತ್ತವೆ. ಉಳಿದವು ವಿಂಗಡಣಾ ಘಟಕದಲ್ಲಿ ತಿರುಗುವ ಬಿಲ್ಲೆಗಳ ಸಾಲಿನ ಮೇಲೆ ಬಿದ್ದು ಚೂರಾಗಿ, ಸಂದುಗಳಿಂದ ಕೆಳಗಿಳಿಯುತ್ತವೆ. ಅಷ್ಟೇ ಸಣ್ಣದಾದ ಮುಚ್ಚಳ, ಕಾಗದದ ಚಿಂದಿ, ಪಿಂಗಾಣಿ ಬಟ್ಟಲಿನ ತುಣುಕು, ಕಲ್ಲು, ಮೂಳೆ, ಬ್ಯಾಟರಿಗಳೂ ಜೊತೆಗೇ ಇಳಿಯುತ್ತವೆ.

ಶುದ್ಧೀಕರಣದಲ್ಲಿ ಅಯಸ್ಕಾಂತವು ಕಬ್ಬಿಣವನ್ನು ಸೆಳೆದುಕೊಳ್ಳುತ್ತದೆ; ಅಲ್ಯೂಮಿನಿಯಂ ಚೂರುಗಳಲ್ಲಿ ವೇಗವಾಗಿ ಬದಲಾಗುವ ಕಾಂತಕ್ಷೇತ್ರವು ಸುಳಿ ವಿದ್ಯುತ್ತನ್ನು ಹುಟ್ಟಿಸಿ ಅವನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ. ಒದ್ದೆ ಕಾಗದ ಗಾಜನ್ನು ಬಿಡದೆ ಅಂಟಿಕೊಂಡಿರುವುದರಿಂದ, ಹಲವು ಆಧುನಿಕ ಘಟಕಗಳು ರಾಶಿಯನ್ನು ತೊಳೆಯುವ ಬದಲು ಬಿಸಿಗಾಳಿಯಲ್ಲಿ ಒಣಗಿಸುತ್ತವೆ. ಆಗ ಚೂರುಗಳು ಒಂದಕ್ಕೊಂದು ಉಜ್ಜಿ ಲೇಬಲ್ ಕಿತ್ತುಬರುತ್ತದೆ, ಗಾಳಿಯ ಸೆಳೆತಕ್ಕೆ ಸಿಕ್ಕಿ ಹಾರಿಹೋಗುತ್ತದೆ. ಬಳಿಕ ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದ ಚೂರುಗಳನ್ನು ಒಂದೇ ಪದರವಾಗಿ ಇಳಿಜಾರಿನಲ್ಲಿ ಜಾರಿಸಿ, ಅವುಗಳ ಮೂಲಕ ಬೆಳಕು ಹಾಯಿಸಲಾಗುತ್ತದೆ. ಬೆಳಕನ್ನು ತಡೆಯುವ ಪಿಂಗಾಣಿಯನ್ನೋ ಬೇರೆ ಬಣ್ಣದ ಗಾಜನ್ನೋ ಕ್ಯಾಮೆರಾ ಗುರುತಿಸಿದ ಕ್ಷಣದಲ್ಲೇ, ಕೆಳಗಿನ ಸೂಕ್ಷ್ಮ ನಳಿಕೆಯಿಂದ ಹೊಮ್ಮಿದ ಗಾಳಿ ಅದೊಂದನ್ನು ಮಾತ್ರ ಹೊರಗೆ ತಳ್ಳುತ್ತದೆ. ಒಲೆಯಲ್ಲಿಡುವ ಶಾಖನಿರೋಧಕ ಗಾಜು ಪಾರದರ್ಶಕವಾದ್ದರಿಂದ ಅದನ್ನೂ, ಸೀಸಬೆರೆತ ಗಾಜನ್ನೂ ಪತ್ತೆಹಚ್ಚಲು ಎಕ್ಸ್-ಕಿರಣದ ಉಪಕರಣಗಳನ್ನು ಬಳಸುತ್ತಾರೆ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿಯೂ ಪೂರ್ತಿ ಕರಗದ ಪಿಂಗಾಣಿಯ ಚೂರು ಹೊಸ ಬಾಟಲಿಯ ಗೋಡೆಯಲ್ಲಿ ಉಳಿದರೆ, ಒತ್ತಡ ಬಿದ್ದಾಗ ಬಾಟಲಿ ಅಲ್ಲಿಯೇ ಸೀಳುವ ಸಂಭವವಿರುತ್ತದೆ. ಅಲ್ಯೂಮಿನಿಯಂ ಕರಗಿದ ಗಾಜಿನೊಡನೆ ವರ್ತಿಸಿ ಸಿಲಿಕಾನ್ ಮಣಿಗಳನ್ನುಂಟುಮಾಡುತ್ತದೆ. ಸೀಸವು ತಳಕ್ಕಿಳಿದು ಕುಲುಮೆಯ ಇಟ್ಟಿಗೆಯನ್ನೇ ಕೊರೆಯುತ್ತದೆ.

ಕ್ಯಾಮೆರಾ ವಿಂಗಡಿಸಲಾರದಷ್ಟು ಸಣ್ಣ ಪುಡಿಯು ಶಾಖ ತಡೆಯುವ ಗಾಜಿನ ಉಣ್ಣೆಗೆ, ಲೋಹದ ಮೇಲ್ಮೈ ಉಜ್ಜಲು, ರಸ್ತೆಯ ಅಡಿಪಾಯಕ್ಕೆ ಹೋಗುತ್ತದೆ. ಹಿಟ್ಟಿನಂತೆ ನುಣ್ಣಗೆ ಅರೆದರೆ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದಂಶಕ್ಕೆ ಬದಲಾಗಿಯೂ ಒದಗುತ್ತದೆ. ದಪ್ಪ ಚೂರುಗಳಾದರೆ ಸಿಮೆಂಟಿನ ಕ್ಷಾರದೊಡನೆ ವರ್ತಿಸಿ ಕಾಂಕ್ರೀಟನ್ನು ಬಿರುಕುಬಿಡಿಸಬಲ್ಲವು. ಆದರೂ ಎಷ್ಟು ಸಲ ಕರಗಿಸಿದರೂ ಗುಣ ಕೆಡದ ವಸ್ತುವನ್ನು ರಸ್ತೆಯಡಿ ಹೂಳುವುದು ವಿಷಾದಕರ. ಕುಲುಮೆಗೆ ಹಾಕುವ ಸಾಮಗ್ರಿಯಲ್ಲಿ ಕಲೆಟ್ ಶೇ. 10ರಷ್ಟು ಹೆಚ್ಚಿದಂತೆಲ್ಲ ಇಂಧನ ಸುಮಾರು ಶೇ. 2.5ರಿಂದ 3ರಷ್ಟು ಉಳಿಯುತ್ತದೆ. ಸುಣ್ಣಕಲ್ಲು, ಸೋಡಾಗಳಿಂದ ಹೊರಡುವ ಇಂಗಾಲದ ಡೈಆಕ್ಸೈಡೂ ತಗ್ಗುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ 2018ರಲ್ಲಿ ಆ ದೇಶದ ಗಾಜಿನ ಬಾಟಲಿ, ಜಾಡಿಗಳಲ್ಲಿ ಶೇ. 31ರಷ್ಟು ಮಾತ್ರ ಮರುಬಳಕೆಗೆ ಸಂದವು. ಯಂತ್ರ ಎಷ್ಟೇ ಸೂಕ್ಷ್ಮವಾದರೂ ಮೊದಲೇ ಬೆರೆಸದಿರುವುದಕ್ಕೆ ಅದು ಸಮನಾಗದು. ಉತ್ತರ ವರ್ಜೀನಿಯಾದ ಫೇರ್‌ಫ್ಯಾಕ್ಸ್, ಆರ್ಲಿಂಗ್ಟನ್ ಮೊದಲಾದ ಆಡಳಿತಗಳು 2019ರಲ್ಲಿ ಗಾಜಿಗೆಂದೇ ನೇರಳೆ ಬಣ್ಣದ ಪ್ರತ್ಯೇಕ ತೊಟ್ಟಿಗಳನ್ನು ಇರಿಸಿದವು.