ಕಡಿಮೆ ಓಡಿದ ಎಸ್‌ಯುವಿಗೆ ಸರ್ವಿಸ್ ಬೇಡವೇ? ಫಾರ್ವರ್ಡ್ ಹೇಳುವುದೇನು, ನಿಜ ಏನು?

"ನಿಮ್ಮ ಗಾಡಿ ವರ್ಷಕ್ಕೆ ಐದು ಸಾವಿರ ಕಿ.ಮೀ. ಕೂಡ ಓಡುವುದಿಲ್ಲವೇ? ಹಾಗಾದರೆ ಸರ್ವಿಸ್‌ಗೆ ದುಡ್ಡು ಸುರಿಯಬೇಡಿ. ಓಡದ ಗಾಡಿ ಸವೆಯುವುದಿಲ್ಲ. ಬ್ರೇಕ್ ಆಯಿಲ್ ಕಡಿಮೆಯಾದರೆ ಟಾಪ್‌ಅಪ್ ಮಾಡಿದರೆ ಸಾಕು, ಬದಲಾಯಿಸಿ ಎನ್ನುವುದು ಗ್ಯಾರೇಜಿನವರ ಮೋಸ." ಇಂಥ ಅರ್ಥದ ಸಂದೇಶಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಹರಿದಾಡುತ್ತವೆ. ನಮ್ಮ ಮನೆಯ ಗ್ರೂಪಿಗೂ ಬಂದಿತ್ತು. ಅದನ್ನು ಹಾಕಿದವರು ನನ್ನ ಅಪ್ಪನೇ.

ಅಪ್ಪನ ಡೀಸೆಲ್ ಎಸ್‌ಯುವಿಗೆ ಆಗ ಎಂಟು ವರ್ಷ. ಓಡಿದ್ದು 46,000 ಕಿ.ಮೀ. ಹಾಸನದಲ್ಲಿ ಮಾರ್ಕೆಟ್ಟಿಗೆ, ಬ್ಯಾಂಕಿಗೆ, ವರ್ಷಕ್ಕೆರಡು ಸಲ ಧರ್ಮಸ್ಥಳಕ್ಕೆ, ಅಷ್ಟೇ. ಆಯಿಲ್ ಮಾತ್ರ ಬದಲಾಯಿಸುತ್ತಿದ್ದರು. ಬ್ರೇಕ್ ಆಯಿಲ್ ಶೋರೂಮಿನಿಂದ ಬಂದದ್ದೇ. ಒಂದು ಡಿಸೆಂಬರಿನಲ್ಲಿ ಏಳು ಜನ, ಕ್ಯಾರಿಯರ್ ಮೇಲೆ ಲಗೇಜು ಹಾಕಿಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಮುಂದೆ ಒಂದು ಲಾರಿ ಇತ್ತು, ಅಪ್ಪ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಇದ್ದರು. ಅರ್ಧ ಇಳಿದ ಮೇಲೆ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಅಪ್ಪ ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಗೆ ಉಜ್ಜಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಮೊದಲಿನಂತೆಯೇ ಗಟ್ಟಿ! ದೇವರು ದೊಡ್ಡವನು ಎಂದರು ಅಮ್ಮ. ಇರಬಹುದು, ಆದರೆ ಇದಕ್ಕೆ ವಿಜ್ಞಾನದ ವಿವರಣೆಯೂ ಇದೆ.

ಬ್ರೇಕ್ ಆಯಿಲ್ ಏಕೆ ಹಾಳಾಗುತ್ತದೆ?

ನಾವು ಬ್ರೇಕ್ ಆಯಿಲ್ ಎಂದರೂ ಅದು ಎಣ್ಣೆ ಅಲ್ಲ. ಸಾಮಾನ್ಯ ಕಾರುಗಳಲ್ಲಿರುವುದು ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವ ಹಾಗೆ ಇದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಪೈಪುಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಒಳಗೆ ಸೇರುತ್ತಲೇ ಇರುತ್ತದೆ. ಗಾಡಿ ಓಡಿದರೂ ಸೇರುತ್ತದೆ, ಶೆಡ್ಡಿನಲ್ಲಿ ನಿಂತರೂ ಸೇರುತ್ತದೆ.

ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎನ್ನುವುದು ಮಾನದಂಡ. ಅದೇ ದ್ರವ ಸುಮಾರು ಶೇ 3.7ರಷ್ಟು ನೀರು ಕುಡಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ.

ಈಗ ಘಾಟಿಯ ಲೆಕ್ಕ ನೋಡಿ. ಜನ, ಲಗೇಜು ಸೇರಿ 2,200 ಕೆ.ಜಿ. ತೂಗುವ ಗಾಡಿ 700 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಶಕ್ತಿ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಆ ಶಾಖದಿಂದ ಸುಮಾರು 48 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು, ಅಂದರೆ ಬಚ್ಚಲುಮನೆಯ ಎರಡು ದೊಡ್ಡ ಬಕೆಟ್ಟು. ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಮೇಲಿನ ಗೇರಿನಲ್ಲೇ ಬ್ರೇಕ್ ಒತ್ತಿಕೊಂಡು ಇಳಿದರೆ ಬಹುಪಾಲು ಭಾರ ಡಿಸ್ಕ್, ಪ್ಯಾಡ್ ಮೇಲೆ. ಆ ಬಿಸಿ ಕ್ಯಾಲಿಪರ್ ಒಳಗಿನ ದ್ರವಕ್ಕೂ ತಲುಪುತ್ತದೆ. ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಒತ್ತಿದ್ದು ಗುಳ್ಳೆಯನ್ನೇ ಹೊರತು ಬ್ರೇಕನ್ನಲ್ಲ. ತಣ್ಣಗಾದ ಮೇಲೆ ಗುಳ್ಳೆ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಅದಕ್ಕೇ ಗ್ಯಾರೇಜಿಗೆ ಒಯ್ದರೆ "ಏನೂ ತೊಂದರೆ ಇಲ್ಲವಲ್ಲ ಸಾರ್" ಎನ್ನುತ್ತಾರೆ.

ಹಾಗಾಗಿ ಟಾಪ್‌ಅಪ್ ಸಾಲದು. ಹಳೆಯ ದ್ರವದ ಮೇಲೆ ಹೊಸದನ್ನು ಸುರಿದರೆ ಕ್ಯಾಲಿಪರ್ ಹತ್ತಿರ ಇರುವ ಹಳೆಯದು ಅಲ್ಲೇ ಉಳಿಯುತ್ತದೆ. ಅದನ್ನು ಪೂರ್ತಿ ಹೊರತೆಗೆದು ಹೊಸದು ತುಂಬಬೇಕು. ಬಹಳಷ್ಟು ಕಂಪನಿಗಳ ಕೈಪಿಡಿಗಳಲ್ಲಿ ಇದು ಸುಮಾರು ಎರಡು ವರ್ಷಕ್ಕೊಮ್ಮೆ ಎಂದಿರುತ್ತದೆ. ನಿಮ್ಮ ಗಾಡಿಯದ್ದನ್ನು ನೋಡಿಕೊಳ್ಳಿ. ಇಡೀ ಗಾಡಿಯ ಖರ್ಚಿನಲ್ಲಿ ಇದು ತೀರ ಸಣ್ಣ ಬಾಬತ್ತು. ಇನ್ನೊಂದು ಮಾತು, ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದ್ದರೆ ಪ್ಯಾಡ್ ಸವೆದಿದೆ ಅಥವಾ ಎಲ್ಲೋ ಸೋರುತ್ತಿದೆ ಎಂದರ್ಥ. ಸುಮ್ಮನೆ ತುಂಬಿಸಿ ಮುಚ್ಚಳ ಹಾಕಿದರೆ ಆ ಸೂಚನೆಯನ್ನೇ ಅಳಿಸಿದಂತೆ.

ಓಡದ ಗಾಡಿ ಸವೆಯುವುದಿಲ್ಲವೇ?

ಸವೆಯುವುದು ಕಡಿಮೆ, ಹಳತಾಗುವುದು ಕಡಿಮೆಯಾಗುವುದಿಲ್ಲ. ಕೈಪಿಡಿಯಲ್ಲಿ "ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು" ಎಂದು ಬರೆದಿರುವುದು ಇದಕ್ಕೇ. ಎರಡು ಕಿ.ಮೀ. ದೂರದ ಅಂಗಡಿಗೆ ಹೋಗಿ ಬರುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಉಳಿಯುತ್ತದೆ. ಹಾಗೆ ನೋಡಿದರೆ ದಿನಾ ಹಾಸನದಿಂದ ಬೆಂಗಳೂರಿಗೆ ಓಡುವ ಗಾಡಿಯ ಎಂಜಿನ್ನೇ ಹೆಚ್ಚು ಸುಖವಾಗಿರುತ್ತದೆ. ಅಂದ ಹಾಗೆ, ಡೀಸೆಲ್ ಗಾಡಿಯ ಆಯಿಲ್ ಬದಲಿಸಿದ ಕೆಲವೇ ದಿನದಲ್ಲಿ ಕಪ್ಪಾದರೆ ಗಾಬರಿ ಬೇಡ. ಮಸಿಯನ್ನು ತನ್ನೊಳಗೆ ತೇಲಿಸಿಟ್ಟುಕೊಳ್ಳುವುದೇ ಅದರ ಕೆಲಸ.

ಟೈರಿನದ್ದೂ ಇದೇ ಕತೆ. ಕಚ್ಚು ಚೆನ್ನಾಗಿದ್ದರೂ ರಬ್ಬರ್ ಬಿಸಿಲಿಗೆ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವವರು ಮೀಟರ್ ನೋಡುವ ಮೊದಲು ಇದನ್ನು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಮೀಟರನ್ನು ತಿರುಗಿಸುವವರಿದ್ದಾರೆ.

ಟೈಮಿಂಗ್ ಬೆಲ್ಟ್: ಮುನ್ಸೂಚನೆ ಕೊಡದ ಭಾಗ

ಎಂಜಿನ್ ಒಳಗೆ ಪಿಸ್ಟನ್ ಮತ್ತು ವಾಲ್ವ್‌ಗಳು ತಾಳ ತಪ್ಪದಂತೆ ಓಡಿಸಲು ಕೆಲವು ಗಾಡಿಗಳಲ್ಲಿ ಚೈನ್ ಇರುತ್ತದೆ, ಕೆಲವದರಲ್ಲಿ ಹಲ್ಲಿರುವ ರಬ್ಬರ್ ಬೆಲ್ಟ್. ರೆನೊ ಡಸ್ಟರ್‌ನ 1.5 ಲೀಟರ್ ಡೀಸೆಲ್‌ನಲ್ಲಿ, ಹಳೆಯ ಇನ್ನೋವಾದ 2.5 ಲೀಟರ್ ಡೀಸೆಲ್‌ನಲ್ಲಿ ಇರುವುದು ಬೆಲ್ಟ್. ಇದು ಸವೆದಾಗ ಸಾಮಾನ್ಯವಾಗಿ ಸದ್ದು ಬರುವುದಿಲ್ಲ, ಪಿಕಪ್ ಕಡಿಮೆಯಾಗುವುದಿಲ್ಲ. ಒಂದು ದಿನ ತುಂಡಾಗುತ್ತದೆ, ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. "ಗಾಡಿ ಚೆನ್ನಾಗಿಯೇ ಓಡುತ್ತಿದೆ, ಸುಮ್ಮನೆ ಯಾಕೆ ಬದಲಿಸಬೇಕು" ಎನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಇದಕ್ಕೂ ಕಿ.ಮೀ. ಜೊತೆಗೆ ವರ್ಷದ ಮಿತಿ ಇರುತ್ತದೆ.

ಬಿಎಸ್ 6 ಡೀಸೆಲ್ ಕೊಂಡವರಿಗೆ

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಅಂದಿನಿಂದ ಡೀಸೆಲ್ ಎಸ್‌ಯುವಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಸೋಸುವ ಭಾಗ ಇರುತ್ತದೆ. ಅದು ಮಸಿ ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಬೂದಿ ಮಾಡುತ್ತದೆ. ಇದಕ್ಕೆ ಗಾಡಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಜೀವನ ಕಳೆಯುವ ಗಾಡಿಗೆ ಅದು ಸಿಗುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ದೀಪ ಹತ್ತಿದಾಗ ಕೈಪಿಡಿ ಹೇಳಿದ ಹಾಗೆ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ. ದೀಪವನ್ನು ವಾರಗಟ್ಟಲೆ ಕಡೆಗಣಿಸಿದರೆ ದುಬಾರಿ ಬಿಲ್ ಕಾದಿರುತ್ತದೆ. "ಡಿಪಿಎಫ್ ತೆಗೆಸಿಬಿಡಿ, ಮೈಲೇಜ್ ಬರುತ್ತದೆ" ಎಂಬ ವಿಡಿಯೊಗಳನ್ನು ನಂಬಬೇಡಿ. ಅದು ಕಾನೂನುಬಾಹಿರ, ಹಿಂದೆ ಬರುವ ಬೈಕಿನವರ ಶ್ವಾಸಕೋಶಕ್ಕೂ ಅನ್ಯಾಯ. ಸಂಸಾರಕ್ಕೆ ಊರೊಳಗಿನ ಓಡಾಟವೇ ಹೆಚ್ಚು ಎಂದಾದರೆ ಪೆಟ್ರೋಲ್ ಗಾಡಿಯೇ ಸರಿ. ಡೀಸೆಲ್ ಅಗ್ಗ ಎಂಬ ಹಳೆಯ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

ಇನ್ನೂ ಕೆಲವು ಫಾರ್ವರ್ಡ್‌ಗಳು

ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿದರೆ ಸ್ಫೋಟ: ಸುಳ್ಳು. ಇಂಡಿಯನ್ ಆಯಿಲ್ ಕಂಪನಿಯ ಹೆಸರಲ್ಲೇ ಹರಿದಾಡಿದ ಈ ಸಂದೇಶವನ್ನು ಆ ಕಂಪನಿಯೇ ಅಲ್ಲಗಳೆದಿದೆ. ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಬಿಸಿ ಬೇಕು, ರಾಯಚೂರಿನ ಮೇ ತಿಂಗಳಿಗೂ ಅದು ಸಾಧ್ಯವಿಲ್ಲ.

ನೈಟ್ರೋಜನ್ ತುಂಬಿಸಿದರೆ ಟೈರ್ ಒಡೆಯುವುದೇ ಇಲ್ಲ: ಸುಳ್ಳು. ಬಂಕಿನ ಮಾಮೂಲಿ ಗಾಳಿಯಲ್ಲೂ ಶೇ 78 ನೈಟ್ರೋಜನ್ನೇ ಇದೆ. ತಿಂಗಳಿಗೆರಡು ಸಲ ಒತ್ತಡ ನೋಡುವುದು ಅದಕ್ಕಿಂತ ಉಪಯೋಗಿ.

ಸರ್ವಿಸ್ ಮಾಡಿಸಿ ಗಾಡಿಯ ಅಡಿಗೆ ಡೀಸೆಲ್ ಸಿಂಪಡಿಸಿದರೆ ತುಕ್ಕು ಹಿಡಿಯುವುದಿಲ್ಲ: ನಮ್ಮ ವಾಟರ್ ಸರ್ವಿಸ್ ಅಂಗಡಿಗಳ ಹಳೆಯ ಪದ್ಧತಿ. ಸಸ್ಪೆನ್ಷನ್‌ನ ರಬ್ಬರ್ ಬುಶ್‌ಗಳು ಡೀಸೆಲ್ ತಾಗಿ ಉಬ್ಬಿ ಹಾಳಾಗುತ್ತವೆ. ಬೇಡ ಎನ್ನಿ.

ಹತ್ತು ವರ್ಷ ಆದ ಡೀಸೆಲ್ ಗಾಡಿ ಗುಜರಿಗೆ: ಇದು ದೆಹಲಿ ಸುತ್ತಮುತ್ತಲ ಪ್ರದೇಶಕ್ಕೆ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶದಿಂದ ಹುಟ್ಟಿದ ಸುದ್ದಿ. ಆ ಬಗ್ಗೆ ಆಮೇಲೂ ಕೋರ್ಟುಗಳಲ್ಲಿ ಬದಲಾವಣೆ ಆಗಿದೆ. ಕರ್ನಾಟಕಕ್ಕೆ ಅದು ಅನ್ವಯಿಸಿದ್ದಿಲ್ಲ. ಇಲ್ಲಿ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನವೀಕರಿಸಬಹುದು. ಕಾರಿನ ಈ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ.

ಹಾಗಾದರೆ ಗ್ಯಾರೇಜಿನವರು ಹೇಳಿದ್ದೆಲ್ಲ ಸರಿಯೇ?

ಅದೂ ಅಲ್ಲ. ಪ್ರತಿ ಸರ್ವಿಸ್‌ನಲ್ಲೂ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಒಳಾಂಗಣ ಪಾಲಿಶ್ ಎಂದು ಪಟ್ಟಿ ಬೆಳೆಸುವುದುಂಟು. ಫಾರ್ವರ್ಡ್ ಮಾಡುವವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿರುವ ಕೈಪಿಡಿಯ ಕೊನೆಯ ಪುಟಗಳಲ್ಲಿ ನಿರ್ವಹಣೆಯ ಕೋಷ್ಟಕ ಇರುತ್ತದೆ. ಅದರ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಕೌಂಟರಿನಲ್ಲಿ ಕೆಲಸದ ಪಟ್ಟಿ ಓದುವಾಗ ಒಂದೊಂದನ್ನೂ ಅದರ ಜೊತೆ ತಾಳೆ ನೋಡಿ, ಅದರಲ್ಲಿಲ್ಲದ್ದಕ್ಕೆ ಕಾರಣ ಕೇಳಿ.

ಅಪ್ಪ ಈಗ ಬ್ರೇಕ್ ಆಯಿಲ್ ಬದಲಿಸಿದ ತಾರೀಖನ್ನು ಬಾನೆಟ್ಟಿನ ಒಳಗೆ ಚೀಟಿಯಲ್ಲಿ ಬರೆದು ಅಂಟಿಸಿದ್ದಾರೆ. ಆ ಫಾರ್ವರ್ಡನ್ನು ಮಾತ್ರ ಗ್ರೂಪಿನಿಂದ ಅಳಿಸಲು ಆಗಲಿಲ್ಲ, ಅಷ್ಟರಲ್ಲಿ ಚಿಕ್ಕಪ್ಪ ಅದನ್ನು ಇನ್ನೆರಡು ಗ್ರೂಪಿಗೆ ಕಳಿಸಿಯಾಗಿತ್ತು.